ಊರಿನ ಡೀಸೆಲ್ ಎಂಜಿನ್ನು, ಅರ್ಧ ಮಿಲಿಮೀಟರ್ ಲೆಕ್ಕ

ಹಿಂಜವಡಿಯಲ್ಲಿ ಕೋಡ್ ಬರೆಯೋ ನಮ್ಮಲ್ಲಿ ಅನೇಕರ ಊರಿನ ಬಾವಿ ಹತ್ರ ಒಂದು ಕಿರ್ಲೋಸ್ಕರ್ ಎಂಜಿನ್ ಇರುತ್ತೆ. ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್ 1946ರಲ್ಲಿ ಶುರುವಾದದ್ದು ಇದೇ ಪುಣೆಯಲ್ಲಿ. ಆ ಉದ್ಯಮಕ್ಕೆ ಬುನಾದಿ ಹಾಕಿದ ಲಕ್ಷ್ಮಣರಾಯರು ಹುಟ್ಟಿದ್ದು ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ.

ಈಗ ವಿಷಯಕ್ಕೆ ಬರೋಣ. ಅಪ್ಪ ಫೋನ್ ಮಾಡಿ, "ಎಂಜಿನ್ ಬಿಚ್ಚಿ ಹೊಸದಾಗಿ ಕಟ್ಟಿಸೀವಿ, ಆದ್ರೂ ಟಕ್ ಟಕ್ ಅಂತೈತಿ" ಅಂದ್ರೆ, ಮೊದಲು ಅದನ್ನ ನಿಲ್ಲಿಸೋಕೆ ಹೇಳಿ. ವಾಲ್ವ್ ಪಿಸ್ಟನ್‌ಗೆ ಬಡೀತಿದ್ರೆ ವಾಲ್ವ್ ಬಾಗುತ್ತೆ, ಮುರಿದು ಒಳಗೆ ಬಿದ್ರೆ ಪಿಸ್ಟನ್ನೂ ಹೋಗುತ್ತೆ. ನೀರಿನ ಹಂಗಾಮು ಕೈತಪ್ಪುತ್ತೆ.

ಇಲ್ಲಿ ಮೂರು ಅಂತರಗಳಿವೆ, ಜನ ಕಲಸಿಬಿಡ್ತಾರೆ. ಟ್ಯಾಪೆಟ್ ಗ್ಯಾಪ್ ಒಂದು. ಪಿಸ್ಟನ್‌ಗೂ ಹೆಡ್‌ಗೂ ನಡುವಿನದು ಇನ್ನೊಂದು. ಪಿಸ್ಟನ್‌ಗೂ ವಾಲ್ವ್‌ಗೂ ನಡುವಿನದು ಮತ್ತೊಂದು. ಹೆಡ್ ತೇಯಿಸಿದ್ರೆ ವಾಲ್ವ್ ಪಿಸ್ಟನ್ ಕಡೆಗೆ ಬರುತ್ತೆ. ಬ್ಲಾಕಿನ ಮೇಲ್ಮೈ ತೇಯಿಸಿದ್ರೆ ಅಥವಾ ತೆಳು ಗ್ಯಾಸ್ಕೆಟ್ ಹಾಕಿದ್ರೆ ಎರಡನೇ, ಮೂರನೇ ಅಂತರ ಎರಡೂ ಕಡಿಮೆ ಆಗುತ್ತೆ.

ಹೆಡ್ ಅಂತರ ಅಳೆಯೋದು ಸುಲಭ. ವಾಲ್ವ್ ಬರದ ಜಾಗದಲ್ಲಿ, ಪಿಸ್ಟನ್ ತಲೆ ಮೇಲೆ ಎರಡು ತುಂಡು ಸೋಲ್ಡರ್ ತಂತಿ ಇಟ್ಟು ಹೆಡ್ ಬಿಗಿದು, ಫ್ಲೈವೀಲನ್ನ ಕೈಯಿಂದ ತಿರುಗಿಸಿ. ಚಪ್ಪಟೆಯಾದ ತಂತಿಯನ್ನ ಮೈಕ್ರೋಮೀಟರಿನಲ್ಲಿ ಅಳೆದು, ಕಂಪನಿ ಕೈಪಿಡಿ ಜೊತೆ ಹೋಲಿಸಿ.

ವಾಲ್ವ್‌ಗೆ ಟ್ಯಾಪೆಟ್ ಸರಿಮಾಡಿ, ವಾಲ್ವ್ ಕೆಳಗೆ ಮಕ್ಕಳ ಆಟದ ಜೇಡಿ ಹಚ್ಚಿ, ಎರಡು ಪೂರ್ತಿ ಸುತ್ತು ತಿರುಗಿಸಿ. ಎಗ್ಸಾಸ್ಟ್ ಮುಗಿದು ಇಂಟೇಕ್ ಶುರುವಾಗೋ ಹೊತ್ತಲ್ಲಿ ಎರಡೂ ವಾಲ್ವ್ ಸ್ವಲ್ಪ ತೆರೆದಿರುತ್ತವೆ, ಅಪಾಯ ಅಲ್ಲೇ. ತಿರುಗೋದು ತಡೆದ್ರೆ ಬಲ ಹಾಕಬೇಡಿ.

ಅಂತರ ಸಾಲದಿದ್ರೆ ವಾಲ್ವ್ ಸೀಟನ್ನ ಸರಿಯಾದ ಆಳಕ್ಕೆ ಕೊರೆಸಬೇಕು. ಟ್ಯಾಪೆಟ್ ಸಡಿಲ ಮಾಡಿ ಜಾಗ ಮಾಡೋದು ಪರಿಹಾರವಲ್ಲ. ಹಾಗಂತ ದಪ್ಪ ಗ್ಯಾಸ್ಕೆಟ್ ತುರುಕಿದ್ರೂ ಕಷ್ಟ. 80 ಮಿ.ಮೀ. ಬೋರ್, 110 ಮಿ.ಮೀ. ಸ್ಟ್ರೋಕ್ ಇರೋ ಎಂಜಿನ್ನಿಗೆ ಅರ್ಧ ಮಿ.ಮೀ. ಹೆಚ್ಚಾದ್ರೆ ಕಂಪ್ರೆಷನ್ ಅನುಪಾತ 16.5ರಿಂದ ಸುಮಾರು 15.5ಕ್ಕೆ ಇಳಿಯುತ್ತೆ, ಚಳಿಗಾಲದ ಬೆಳಿಗ್ಗೆ ಸ್ಟಾರ್ಟ್ ಆಗೋಕೆ ಹಟ ಮಾಡುತ್ತೆ.

ಹಾಗಾಗಿ ದುಡ್ಡು ಕಳಿಸೋ ಮುಂಚೆ ಮೇಸ್ತ್ರಿಗೆ ಇಷ್ಟು ಕೇಳಿ: ಹೆಡ್, ಬ್ಲಾಕ್ ಎಷ್ಟು ತೇಯಿಸಿದ್ರಿ? ತಂತಿ ಇಟ್ಟು ಅಳೆದ್ರಾ? ವಾಲ್ವ್ ಎಷ್ಟು ಒಳಗಿದೆ? ಅಳೆದವರು ಅಂಕಿ ಹೇಳ್ತಾರೆ.