ಕಿಟಕಿಯ ಸಂದು

ಸಾಫ್ಟ್‌ವೇರ್ ಬಗ್ಗೆ ಮಾತಾಡುತ್ತೇನೆ ಎಂದುಕೊಂಡು ಬಂದವರು ಕ್ಷಮಿಸಬೇಕು. ನಾನು ಆರಿಸಿಕೊಂಡಿರುವುದು ಕಿಟಕಿಯ ವಿಷಯ.

ಪರವಾಡದ ನಮ್ಮ ಮನೆಯ ಮರದ ಕಿಟಕಿಗಳು ಮಳೆಗಾಳಿಗೆ ಊದಿಕೊಂಡು ಮುಚ್ಚಲು ಬರುತ್ತಿರಲಿಲ್ಲ. ಅವನ್ನು ಕಿತ್ತು ಯುಪಿವಿಸಿಯ ಜಾರುವ ಕಿಟಕಿ ಹಾಕಿಸಿದೆವು. ವಾಯುಭಾರ ಕುಸಿತದ ಮೊದಲ ಮಳೆಗೇ ಅತ್ತೆಯವರ ಹಾಸಿಗೆ ಒದ್ದೆ. ಅವರ ನೆಬ್ಯುಲೈಸರ್ ಹಾಕುವ ಪ್ಲಗ್ ಪಾಯಿಂಟ್ ಅದೇ ಕಿಟಕಿಯ ಕೆಳಗೆ. ಗೋಡೆಯಲ್ಲಿ ಇಳಿದ ನೀರು ಅದರಿಂದ ಒಂದು ಗೇಣು ದೂರದಲ್ಲಿತ್ತು.

ನಾನು ಎಂ.ಟೆಕ್. ಸಿಲಿಕೋನ್ ಗನ್ ತಂದು, ಹೊರಗಿನಿಂದ ಕಂಡ ತೂತನ್ನೆಲ್ಲ ಮುಚ್ಚಿದೆ. ಮುಂದಿನ ಮಳೆಗೆ ಮೊದಲಿಗಿಂತ ಹೆಚ್ಚು ನೀರು! ಚೌಕಟ್ಟಿನ ಕೆಳಗಂಚಿನ ಆ ಸಣ್ಣ ಸೀಳುಗಳು ಇರುವುದೇ ನೀರು ಹೊರಗೆ ಹೋಗಲಿಕ್ಕೆ. ಜಾರುವ ಕಿಟಕಿಯ ಹಳಿಯಲ್ಲಿ ಮಳೆನೀರು ಸ್ವಲ್ಪ ನಿಂತೇ ನಿಲ್ಲುತ್ತದೆ, ಆ ದಾರಿ ಕಟ್ಟಿದರೆ ಒಳಗೆ ತುಳುಕುತ್ತದೆ. ದಯವಿಟ್ಟು ಅವನ್ನು ಮುಚ್ಚಬೇಡಿ, ಆಗಾಗ ಕಡ್ಡಿ ಹಾಕಿ ಧೂಳು ತೆಗೆಯಿರಿ.

ನಿಜವಾದ ದೋಷ ಚೌಕಟ್ಟಿಗೂ ಗೋಡೆಗೂ ನಡುವೆ ಇತ್ತು. ಹಳೆಯದನ್ನು ಕೀಳುವಾಗ ಗೋಡೆಯ ಅಂಚು ಒಡೆದು, ಕೆಲವು ಕಡೆ ಎರಡು ಬೆರಳು ಹೋಗುವಷ್ಟು ಸಂದು. ಕೆಲಸದವರು ಅದಕ್ಕೆ ಫೋಮ್ ಊದಿ, ಮೇಲೆ ಪುಟ್ಟಿ ಬಳಿದು ಹೋಗಿದ್ದರು. ಫೋಮ್ ಗಾಳಿ, ಸೆಕೆ ತಡೆಯುತ್ತದೆ. ಮಳೆಗೆ ಅದನ್ನು ನಂಬುವಂತಿಲ್ಲ, ಬಿಸಿಲು ಬಿದ್ದರೆ ಪುಡಿಯಾಗುತ್ತದೆ. ಒಡೆದ ಅಂಚನ್ನು ಮೊದಲು ಸಿಮೆಂಟ್ ಗಾರೆಯಿಂದ ಸರಿಮಾಡಿ ಒಣಗಿಸಬೇಕು. ಉಳಿದ ಸಣ್ಣ ಸಂದಿಗೆ ಹೆಚ್ಚು ಹಿಗ್ಗದ ಫೋಮ್. ತುಂಬಿ ತುರುಕಿದರೆ ಅದು ಉಬ್ಬಿ ಚೌಕಟ್ಟನ್ನೇ ಬಗ್ಗಿಸುತ್ತದೆ, ಆಮೇಲೆ ಬಾಗಿಲು ಜಾರುವುದಿಲ್ಲ. ಹೊರಗಡೆ ಫೋಮ್ ಹಗ್ಗ ಕೂರಿಸಿ, ಅದರ ಮೇಲೆ ಸಿಲಿಕೋನ್. ಯುಪಿವಿಸಿ ಬಿಸಿಲಿಗೆ ಹಿಗ್ಗಿ ಕುಗ್ಗುತ್ತದೆ, ಸಿಲಿಕೋನ್ ಎರಡು ಬದಿಗೆ ಮಾತ್ರ ಅಂಟಿದ್ದರೆ ಹರಿಯದೆ ಹಿಗ್ಗುತ್ತದೆ. ಅಂಗಡಿಯಲ್ಲಿ ‘ನ್ಯೂಟ್ರಲ್’ ಎಂದೇ ಕೇಳಿ. ವಿನೆಗರ್ ವಾಸನೆಯದು ಸಿಮೆಂಟಿಗೆ ಸರಿಯಾಗಿ ಹಿಡಿಯುವುದಿಲ್ಲ.

2014ರ ಅಕ್ಟೋಬರ್ 12ರ ಹುದ್‌ಹುದ್ ಕಂಡವರು ನಿಮ್ಮಲ್ಲಿದ್ದೀರಿ. ಅಂಥ ಗಾಳಿಗೆ ಚೌಕಟ್ಟನ್ನು ಹಿಡಿದಿಡುವುದು ಫೋಮ್ ಅಲ್ಲ, ಗೋಡೆಯೊಳಗೆ ಹೋದ ಸ್ಕ್ರೂಗಳು. ಪುಟ್ಟಿ ಬಳಿಯುವ ಮೊದಲೇ ಎಣಿಸಿಕೊಳ್ಳಿ.

ವಿಜಯವಾಡದವರಿಗೆ ಮಳೆಗಿಂತ ಮೇ ತಿಂಗಳ ಬಿಸಿಗಾಳಿಯ ಚಿಂತೆ. ಗಾಳಿ ಇರುವ ದಿನ ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ, ಅಂಚಿನುದ್ದಕ್ಕೂ ಊದುಬತ್ತಿ ಹಿಡಿಯಿರಿ (ಪರದೆಯಿಂದ ದೂರ!). ಹೊಗೆ ಅಲುಗಿದ ಕಡೆ ಎ.ಸಿ. ದುಡ್ಡು ಹೊರಗೆ ಹೋಗುತ್ತಿದೆ. ಆದರೆ ಅಡುಗೆಮನೆಯ ಗಾಳಿಕಿಂಡಿಗಳಿಗೆ ಮಾತ್ರ ಕೈ ಹಾಕಬೇಡಿ, ಗ್ಯಾಸ್ ಒಲೆ ಉರಿಯುವಲ್ಲಿ ಗಾಳಿ ಆಡಲೇಬೇಕು.

ನಮ್ಮ ಕಿಟಕಿಯನ್ನು ಮತ್ತೆ ಬಿಚ್ಚಿಸಿ, ನಾನು ಪಕ್ಕದಲ್ಲೇ ನಿಂತು ಮಾಡಿಸಿದೆ. ಆಮೇಲೆ ಎರಡು ದೊಡ್ಡ ಮಳೆ ಬಂದುಹೋದವು, ಹಾಸಿಗೆ ಒಣಗಿಯೇ ಇದೆ. ಪ್ಲಗ್ ಪಾಯಿಂಟನ್ನು ಮಾತ್ರ ಅತ್ತೆ ಹಟ ಮಾಡಿ ಎದುರು ಗೋಡೆಗೆ ಹಾಕಿಸಿಕೊಂಡಿದ್ದಾರೆ. ನನ್ನ ಸಿಲಿಕೋನ್ ಮೇಲೆ ಅವರಿಗೆ ಇನ್ನೂ ನಂಬಿಕೆ ಬಂದಿಲ್ಲ.