ಕರೆದರೆ ಓಗೊಡದ ತಂತಿ



ನಮ್ಮ ರೇಡಿಯೋದವರಿಗೆ ಮೌನವೆಂದರೆ ಭಯ. ಹಾಡು ಮುಗಿದ ಮೇಲೆ ಅರ್ಧ ನಿಮಿಷ ಸದ್ದಿಲ್ಲದಿದ್ದರೆ ಸಾಕು, ‘ಏನಾಯ್ತ್ರೀ?’ ಎಂದು ನೀವೇ ಫೋನ್ ಮಾಡುತ್ತೀರಿ. ಕಂಪ್ಯೂಟರ್ ಜಾಲದಲ್ಲಿ ತಂತಿ ಮೂಕವಾದರೆ ತಿಳಿಯುವುದು ಹೇಗೆ? ಇವತ್ತಿನ ಮಾತು ಅದರ ಬಗ್ಗೆ.

ಈಥರ್ನೆಟ್ ಹುಟ್ಟಿದ್ದು 1973ರಲ್ಲಿ, ಕ್ಯಾಲಿಫೋರ್ನಿಯಾದ ಜೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿ. ಹುಟ್ಟಿಸಿದವರು ರಾಬರ್ಟ್ ಮೆಟ್‌ಕಾಫ್ ಮತ್ತು ಡೇವಿಡ್ ಬಾಗ್ಸ್. ಇಂದು ನಿಗಡಿ ಪ್ರಾಧಿಕರಣದ ಮನೆಗಳಲ್ಲೂ ಭೋಸರಿಯ ಕಾರ್ಖಾನೆಗಳಲ್ಲೂ ಅದೇ ತಂತಿ. ನೆಟ್ ನಿಂತರೆ ಆಫೀಸಿನ ಮೀಟಿಂಗ್ ನಿಲ್ಲುತ್ತದೆ, ಮಗಳ ಪರೀಕ್ಷೆಯ ಫಾರ್ಮ್ ಅರ್ಧಕ್ಕೆ ಉಳಿಯುತ್ತದೆ, ಕಲಬುರಗಿಯ ಅಮ್ಮನ ಮುಖ ಪರದೆಯ ಮೇಲೆ ಹಾಗೇ ಕಲ್ಲಾಗುತ್ತದೆ. ನಾವು ರೂಟರನ್ನು ಬೈದು ಹೊಸದನ್ನು ತರಲು ಓಡುತ್ತೇವೆ. ಸ್ವಲ್ಪ ತಾಳಿ. ಹತ್ತಿರದಿಂದ ಶುರುಮಾಡಿ ಒಂದೊಂದೇ ಹೆಜ್ಜೆ ದೂರ ಹೋಗಿ.

ಮೊದಲು ದೀಪ. ತಂತಿ ಸಿಕ್ಕಿಸಿದ ಜಾಗದ ಪುಟ್ಟ ದೀಪ ಆರಿದ್ದರೆ ಎರಡೂ ತುದಿಗಳನ್ನು ಬಿಚ್ಚಿ, ‘ಟಕ್’ ಎನ್ನುವಂತೆ ಮತ್ತೆ ಕೂರಿಸಿ. ಆದರೆ ದೀಪ ಉರಿದರೆ ಎಲ್ಲವೂ ಸರಿ ಎಂದಲ್ಲ. ಆ ತಂತಿಯೊಳಗೆ ಎಂಟು ಎಳೆ, ನಾಲ್ಕು ಜೋಡಿ. ಸೆಕೆಂಡಿಗೆ 100 ಮೆಗಾಬಿಟ್ ವೇಗಕ್ಕೆ ಎರಡು ಜೋಡಿ ಸಾಕು, 1000ಕ್ಕೆ ನಾಲ್ಕೂ ಬೇಕು. ಒಂದು ಎಳೆ ತುಂಡಾದರೂ ದೀಪ ಉರಿಯುತ್ತಿರಬಹುದು, ವೇಗ ಮಾತ್ರ ಹತ್ತರಲ್ಲೊಂದು ಪಾಲಿಗೆ ಇಳಿದಿರುತ್ತದೆ. ತಾಮ್ರದ ತಂತಿಯ ಒಂದು ಎಳೆತ 100 ಮೀಟರ್ ಮೀರಬಾರದು ಎಂಬುದೂ ನೆನಪಿರಲಿ.

ಆಮೇಲೆ ಪಿಂಗ್. 1983ರಲ್ಲಿ ಮೈಕ್ ಮೂಸ್ ಬರೆದ ಈ ಪುಟ್ಟ ಪ್ರೋಗ್ರಾಂ ಮಾಡುವುದಿಷ್ಟೇ: ಹೆಸರು ಹಿಡಿದು ಕರೆಯುತ್ತದೆ, ‘ಓ’ ಎನ್ನುವುದನ್ನು ಕಾಯುತ್ತದೆ. ಮೊದಲು ಮನೆಯ ರೂಟರನ್ನು ಕರೆಯಿರಿ. ಬಹಳ ಮನೆಗಳಲ್ಲಿ ಅದರ ವಿಳಾಸ 192.168.1.1. ಅದು ಓಗೊಡದಿದ್ದರೆ ದೋಷವನ್ನು ಮನೆಯೊಳಗೇ ಹುಡುಕಿ. ರೂಟರ್ ಓಗೊಟ್ಟು, ಹೊರಗಿನ 8.8.8.8 ಓಗೊಡದಿದ್ದರೆ ನಿಮ್ಮ ತಂತಿಯ ತಪ್ಪಲ್ಲ. ದೋಷ ಬಹುಶಃ ರೂಟರಿನಿಂದ ಆಚೆಗಿದೆ.

ದೊಡ್ಡ ಜಾಲಗಳಲ್ಲಿ ಹೀಗೆ ಕೂತು ಕರೆಯುತ್ತಿರಲು ಆಗದು. ಅದಕ್ಕೆಂದೇ ಐಇಇಇ ಸಂಸ್ಥೆ 2007ರಲ್ಲಿ 802.1ಎಜಿ ಎಂಬ ನಿಯಮ ತಂದಿತು. ಅದರಲ್ಲಿ ಮೂರು ಉಪಾಯಗಳಿವೆ. ಮೊದಲನೆಯದು, ಸೊಸೈಟಿಯ ರಾತ್ರಿ ಕಾವಲುಗಾರ ಕೋಲು ಕುಟ್ಟಿದ ಹಾಗೆ: ಎರಡು ತುದಿಗಳೂ ನಿಗದಿತ ಹೊತ್ತಿಗೆ ‘ಇದ್ದೇನೆ’ ಎನ್ನುತ್ತಿರುತ್ತವೆ. ಸತತ ಮೂರು ಸಲ ಸದ್ದು ಕೇಳದಿದ್ದರೆ ಗಂಟೆ ಬಾರಿಸಿದಂತೆ. ಸೆಕೆಂಡಿಗೊಂದು ಸದ್ದಿನ ಲೆಕ್ಕದಲ್ಲಿ ಸುಮಾರು ಮೂರೂವರೆ ಸೆಕೆಂಡಿನಲ್ಲಿ ದೋಷ ಗೊತ್ತಾಗುತ್ತದೆ. ಎರಡನೆಯದು, ಪಿಂಗ್‌ನಂತೆ ಒಂದು ಜಾಗವನ್ನು ಕರೆದು ಓಗೊಡಿಸುವುದು. ಮೂರನೆಯದು, ದಾರಿಯುದ್ದಕ್ಕೂ ಲೆಕ್ಕ ಹಿಡಿಯುವುದು. ನಿಗಡಿಯಿಂದ ಶಿವಾಜಿನಗರಕ್ಕೆ ಹೊರಟ ಬಸ್ಸು ಬರಲಿಲ್ಲವೆನ್ನಿ. ಆಕುರ್ಡಿ ‘ಬಂತು’ ಎಂದಿತು, ಚಿಂಚ್‌ವಡ್ ‘ಬಂತು’ ಎಂದಿತು, ಪಿಂಪ್ರಿಯಿಂದ ಉತ್ತರವೇ ಇಲ್ಲ. ಹುಡುಕಬೇಕಾದದ್ದು ಚಿಂಚ್‌ವಡ್ ಪಿಂಪ್ರಿಗಳ ನಡುವೆ ಎಂದು ಯಾರಾದರೂ ಹೇಳಬಲ್ಲರು. ರಸ್ತೆ ಅಗೆಯುವವರ ಗುದ್ದಲಿಗೆ ತಂತಿ ಸಿಕ್ಕಾಗ ಇಡೀ ದಾರಿಯನ್ನು ತಡಕುವ ಕಷ್ಟ ಇದರಿಂದ ತಪ್ಪುತ್ತದೆ.

ಇದರಿಂದ ನಿಮಗೇನು ಲಾಭ ಎನ್ನುವಿರಾ? ಮುಂದಿನ ಸಲ ದೂರು ಕೊಡುವಾಗ ‘ನೆಟ್ ಇಲ್ಲ’ ಎಂದಷ್ಟೇ ಹೇಳಬೇಡಿ. ‘ದೀಪ ಉರಿಯುತ್ತಿದೆ, ರೂಟರ್ ಓಗೊಡುತ್ತಿದೆ, ಹೊರಗಿನದು ಓಗೊಡುತ್ತಿಲ್ಲ’ ಎನ್ನಿ. ಮರಾಠಿಯಲ್ಲೋ ಹಿಂದಿಯಲ್ಲೋ, ನಿಮಗೆ ಬಂದ ಭಾಷೆಯಲ್ಲಿ ಹೇಳಿದರಾಯಿತು. ರಿಪೇರಿಗೆ ಬರುವ ಹುಡುಗ ನೇರ ಸರಿಯಾದ ಕಡೆ ಹೋಗುತ್ತಾನೆ. ಕೆಡದ ರೂಟರಿಗೆ ನೀವು ದುಡ್ಡು ಸುರಿಯುವುದು ತಪ್ಪುತ್ತದೆ.

ಮತ್ತೆ ಸಿಗೋಣ. ಅಲ್ಲಿಯವರೆಗೆ, ಕರೆದಾಗ ಓಗೊಡುತ್ತಿರಿ. ನಮಸ್ಕಾರ.