ತಾಮ್ರದ ಸರ್ಪ

(ಶಾಲೆಯ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣ)



ದೇವರಿಗೆ ನಿಷ್ಠರಾಗಿ ಬಾಳುವುದು, ವಿಗ್ರಹಾರಾಧನೆಯಿಂದ ದೂರವಿರುವುದು ಎಂಬ ವಿಷಯವಾಗಿ ನಾಲ್ಕು ಮಾತು ಆಡಬೇಕೆಂದು ಸಂಸ್ಥೆಯ ಹಿರಿಯರು ನಮಗೆ ಅಪ್ಪಣೆ ಮಾಡಿದ್ದಾರೆ. ಈ ವಿಷಯವನ್ನೆತ್ತಿದೊಡನೆ ಕ್ರೈಸ್ತರಾದ ನಮ್ಮ ದೃಷ್ಟಿಯು ಸಾಂಗಲಿಯ ಗಣಪತಿ ಮಂದಿರದ ಕಡೆಗೆ ಹೊರಳುವುದುಂಟು. ಅದು ಸಲ್ಲದು. ಮೊದಲನೆಯ ಆಜ್ಞೆಯು ನಮಗೆ ದೊರೆತದ್ದು ನೆರೆಯವರ ಮನೆಯ ದೇವರ ಜಗಲಿಯನ್ನು ಪರೀಕ್ಷಿಸುವುದಕ್ಕಲ್ಲ; ನಮ್ಮ ಮನೆಯನ್ನು ನಾವೇ ನೋಡಿಕೊಳ್ಳುವುದಕ್ಕೆ.

ಇಸ್ರಾಯೇಲ್ಯರು ಅರಣ್ಯದಲ್ಲಿ ದೇವರ ಮೇಲೆ ಗುಣುಗುಟ್ಟಿದಾಗ ವಿಷಸರ್ಪಗಳು ಅವರನ್ನು ಕಚ್ಚಿದವು. ಮೋಶೆಯು ದೇವರ ಮಾತಿನಂತೆ ತಾಮ್ರದ ಸರ್ಪವೊಂದನ್ನು ಮಾಡಿಸಿ ಕಂಬದ ಮೇಲೆ ನಿಲ್ಲಿಸಿದನು. ಅದನ್ನು ನೋಡಿದವರು ಬದುಕಿಕೊಂಡರು. ಇಷ್ಟು ಕಥೆ ರವಿವಾರದ ಶಾಲೆಗೆ ಬರುವ ಚಿಕ್ಕ ಮಗುವಿಗೂ ಗೊತ್ತು. ಇದರ ಮುಂದಿನ ಭಾಗವು ಅರಸುಗಳ ಎರಡನೆಯ ಪುಸ್ತಕದಲ್ಲಿದೆ; ಅದನ್ನು ನಾವು ಅಷ್ಟಾಗಿ ಹೇಳಿಕೊಡುವುದಿಲ್ಲ. ಶತಮಾನಗಳು ಉರುಳಿದ ಮೇಲೆ ಅದೇ ಸರ್ಪಕ್ಕೆ ಜನರು ಧೂಪ ಹಾಕುತ್ತಿದ್ದರು. ಅರಸನಾದ ಹಿಜ್ಕೀಯನು ಅದನ್ನು ಒಡೆದು ಚೂರುಚೂರು ಮಾಡಿಸಿದನು. ಗಮನಿಸಿರಿ, ಅದು ಪರದೇಶದಿಂದ ಬಂದ ಮೂರ್ತಿಯಲ್ಲ. ದೇವರ ಅಪ್ಪಣೆಯಿಂದಲೇ ಆದದ್ದು, ಪ್ರಾಣ ಉಳಿಸಿದ್ದು. ಹಿಜ್ಕೀಯನ ಕೈ ಎಷ್ಟು ನಡುಗಿರಬಹುದೆಂದು ನಾವು ಅನೇಕ ಸಲ ಯೋಚಿಸಿದ್ದುಂಟು.

ನಮ್ಮ ಮೀರಜ ಪಟ್ಟಣವೂ ಪ್ರಾಣ ಉಳಿಸಿದ ಹೆಸರು ಪಡೆದ ಊರು. ಡಾಕ್ಟರ್ ವಿಲಿಯಂ ವಾನ್ಲೆಸ್ ಅವರು 1889ರಲ್ಲಿ ಈ ದೇಶಕ್ಕೆ ಬಂದು, ಮೊದಲು ಸಾಂಗಲಿಯಲ್ಲಿ ಔಷಧ ಕೊಡಲು ತೊಡಗಿ, 1894ರಲ್ಲಿ ಮೀರಜದಲ್ಲಿ ದವಾಖಾನೆಯನ್ನು ತೆರೆದರು. ಸುಮಾರು ನಾಲ್ವತ್ತು ವರ್ಷ ಇಲ್ಲಿ ದುಡಿದರು. ಎರಡೂ ಊರುಗಳ ನಡುವಣ ವಾನ್ಲೆಸ್‌ವಾಡಿಯು ಅವರ ಹೆಸರನ್ನೇ ಹೊತ್ತಿದೆ. ಕೃತಜ್ಞತೆಯು ಸದ್ಗುಣವೇ ಸರಿ. ಆದರೆ "ನಮ್ಮ ಅಜ್ಜ ಸಾಹೇಬರ ಕೈಕೆಳಗೆ ಇದ್ದರು" ಎಂಬ ಮಾತೇ ಕೆಲವು ಮನೆಗಳಲ್ಲಿ ವಿಶ್ವಾಸದ ಸ್ಥಾನವನ್ನು ಹಿಡಿದುಬಿಟ್ಟಿದೆ. ಸಾಹೇಬರು ಯಾರ ಹೆಸರಿನಲ್ಲಿ ಬಂದರೋ ಆತನ ಪುಸ್ತಕವು ಅಂಥ ಮನೆಯ ಕಪಾಟಿನಲ್ಲಿ ಧೂಳು ಹಿಡಿದಿರುತ್ತದೆ. ಲುಸ್ತ್ರ ಎಂಬ ಊರಿನಲ್ಲಿ ಹುಟ್ಟುಕುಂಟನು ಎದ್ದು ನಡೆದಾಗ ಜನರು ಪೌಲ ಬಾರ್ನಬರನ್ನು ದೇವರೆಂದು ತಿಳಿದು, ಬಲಿ ಕೊಡಲು ಹೋರಿಗಳನ್ನೂ ಹೂಮಾಲೆಗಳನ್ನೂ ತಂದರು. ಅವರಿಬ್ಬರೂ ಬಟ್ಟೆ ಹರಿದುಕೊಂಡು, ತಾವೂ ಮನುಷ್ಯರೇ ಎಂದು ಕೂಗುತ್ತ ಗುಂಪಿನೊಳಗೆ ನುಗ್ಗಿದರು. ಮಾಲೆ ಹಾಕಿಸಿಕೊಳ್ಳುವುದು ಎಷ್ಟು ಸುಲಭವಾಗಿತ್ತು!

ಹಿರಿಯರನ್ನಷ್ಟೇ ಹೇಳಿ ನಾವು ತಪ್ಪಿಸಿಕೊಳ್ಳಲಾಗದು. ವಿದ್ಯೆಯು ದೇವರ ಕೊಡುಗೆ. ಅಂಕವು ಅದರ ಒಂದು ಅಳತೆ. ನಮ್ಮ ಕೋಣೆಯ ಬಾಗಿಲ ಮೇಲೆ ಹತ್ತನೆಯ ತರಗತಿಯಲ್ಲಿ ಮೊದಲಿಗರಾದವರ ಹೆಸರಿನ ಹಲಗೆಯೊಂದಿತ್ತು. ಅದನ್ನು ನಾವೇ ಬರೆಯಿಸಿದ್ದೆವು, ನಾವೇ ಒರೆಸುತ್ತಿದ್ದೆವು. ಹಿಂದೊಮ್ಮೆ ಫಲಿತಾಂಶದ ದಿನ, ಪ್ರಾರ್ಥನೆಯನ್ನೂ ಮರೆತು, ಮೊದಲ ಐವರ ಹೆಸರನ್ನು ಓದಿ ಪೇಢೆ ಹಂಚಿದೆವು. ನಾಪಾಸಾದ ಹುಡುಗನೊಬ್ಬನು ಗೋಡೆಯ ಬದಿಗೆ ನಿಂತಿದ್ದನು; ನಾವು ಅವನನ್ನು ಮಾತನಾಡಿಸಲಿಲ್ಲ. ಅವನು ಮತ್ತೆ ಶಾಲೆಯ ಕಡೆಗೆ ಬರಲಿಲ್ಲ. ತಿಂಗಳ ನಂತರ ಮನೆಗೆ ಹೋದಾಗ ಅವನ ತಾಯಿಯು, "ಸರ್, ಅಂದ ನೀವು ಒಂದು ಮಾತು ಆಡಿದ್ದರ ಸಾಕಿತ್ತು" ಎಂದರು. ಅವರಿಗೆ ಕೊಡಲು ನಮ್ಮಲ್ಲಿ ಉತ್ತರವಿರಲಿಲ್ಲ.

ಆ ಹಲಗೆಯನ್ನು ಈಗ ಇಳಿಸಿದ್ದೇವೆ. ಕೆಲವು ಪಾಲಕರಿಗೆ ಅಸಮಾಧಾನವಾಗಿದೆ, ಅದು ಸಹಜ. ಈ ವರ್ಷ ಫಲಿತಾಂಶ ಬಂದ ದಿನ ಮೊದಲು ಪ್ರಾರ್ಥನೆ, ಬಳಿಕ ಹಾಜರಿಪಟ್ಟಿಯ ಕ್ರಮದಲ್ಲಿ ಎಲ್ಲ ಮಕ್ಕಳ ಹೆಸರು, ಎಲ್ಲರಿಗೂ ಪೇಢೆ. ನಾಪಾಸಾದವರ ಮನೆಗೆ ಅಂದು ಸಂಜೆಯೇ ನಾವು ಬರುವೆವು; ದಯಮಾಡಿ ಬಾಗಿಲು ತೆರೆದಿರಿಸಿರಿ.